ದೋಣಿಯ ಎಂಜಿನ್ ಎಲ್ಲಿ ಕೂರಬೇಕು?



ನಮ್ಮ ಕಲಿಕಾ ಕೇಂದ್ರ ಇರುವುದು ಕುಂದಾಪುರದ ಕಡೆಯ ಒಂದು ಕಡಲ ಊರಿನಲ್ಲಿ. ಪಾಠ ಶುರುವಾಗುವುದು ರಾತ್ರಿ ಏಳೂವರೆಗೆ. ಮೀನು ಮಾರಿ, ಅಡುಗೆ ಮುಗಿಸಿ, ಮಕ್ಕಳಿಗೆ ಉಣಿಸಿ ಹೆಂಗಸರು ಒಬ್ಬೊಬ್ಬರೇ ಬರುತ್ತಾರೆ. ಶಾಲೆಯ ಜಗಲಿಯಲ್ಲಿ ಚಾಪೆ ಹಾಸಿ ಕೂರುತ್ತೇವೆ. ಕಡಲಿನ ಸದ್ದು ಅಲ್ಲಿಗೆ ಕೇಳುತ್ತದೆ.

ಒಂದು ದಿನ ನಾನು ಅಳತೆಯ ಪಾಠ ಮಾಡುತ್ತಿದ್ದೆ. ಇಂಚು, ಅಡಿ, ಮೀಟರ್. ಟೈಲರ್ ಅಂಗಡಿಯ ಟೇಪು ಹಿಡಿದು ಬಾಗಿಲು ಅಳೆದೆವು, ಚಾಪೆ ಅಳೆದೆವು. ಹಿಂದೆ ಕೂತಿದ್ದ ಒಬ್ಬ ಅಕ್ಕ ಕೇಳಿದಳು:

“ಟೀಚರೇ, ದೋಣಿಗೆ ಎಂಜಿನ್ ಎಲ್ಲಿ ಕೂರಿಸೂದು ಅಂತ ನಿಮ್ಮ ಪುಸ್ತಕದಲ್ಲಿ ಉಂಟಾ?”

ಎಲ್ಲರೂ ನಕ್ಕರು. ಆ ಅಕ್ಕ ನಗಲಿಲ್ಲ.

ಎರಡು ವರ್ಷದ ಹಿಂದೆ ಆಷಾಢದಲ್ಲಿ ಅವಳ ಗಂಡನ ದೋಣಿ ಅಳಿವೆ ಬಾಗಿಲಿನಲ್ಲಿ ಸಿಕ್ಕಿಕೊಂಡಿತ್ತು. ಹಿಂದಿನಿಂದ ಬಂದ ಒಂದು ದೊಡ್ಡ ತೆರೆ ಎಂಜಿನ್ ಇದ್ದ ಕಡೆಯಿಂದಲೇ ಒಳಗೆ ನುಗ್ಗಿತು. ಎಂಜಿನ್ ನಿಂತಿತು. ಎರಡನೇ ತೆರೆಗೆ ದೋಣಿ ತುಂಬಿತು. ಪುಣ್ಯಕ್ಕೆ ಹತ್ತಿರದಲ್ಲಿ ಇನ್ನೊಂದು ದೋಣಿ ಇತ್ತು. ನಾಲ್ಕು ಜನರೂ ಬದುಕಿ ಬಂದರು. ಎಂಜಿನ್ ಮಾತ್ರ ಕಳಚಿ ನೀರಿಗೆ ಬಿತ್ತು.

“ಎಂಜಿನ್ ಕಡಲಿಗೆ ಹೋಯ್ತು. ಸಾಲ ಮಾತ್ರ ಮನೆಯಲ್ಲೇ ಉಳೀತು” ಅಂದಳು ಅವಳು. ಬಳೆ ಅಡವಿಟ್ಟು ಆ ಸಾಲ ತೀರಿಸಿದಳು. ಈಗ ಮತ್ತೆ ಎಂಜಿನ್ ತೆಗೆದುಕೊಳ್ಳಬೇಕು. ಸಂಘದಲ್ಲಿ ಅವಳ ಹೆಸರಲ್ಲೇ ಸಾಲ. ಹಾಗಾಗಿ ಅವಳಿಗೆ ಈ ಪ್ರಶ್ನೆ.

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ಹೇಳಿದೆ. ಮಾರನೇ ದಿನ ದೋಣಿ ಕಟ್ಟುವ ಆಚಾರ್ರ ಹತ್ತಿರ ಹೋದೆ. ಎಂಜಿನ್ ರಿಪೇರಿ ಮಾಡುವವರ ಹತ್ತಿರ ಕೇಳಿದೆ. ನಾಲ್ಕು ಪುಸ್ತಕ ಓದಿದೆ. ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಇದು ಗಂಡಸರ ವಿಷಯ ಅಂತ ಪುಟ ಮಗುಚಬೇಡಿ. ದೋಣಿಗೆ ಹೋಗುವವರು ನಮ್ಮ ಮನೆಯವರು. ಎಂಜಿನ್‌ಗೆ ಹೋಗುವ ದುಡ್ಡೂ ನಮ್ಮ ಮನೆಯದೇ.

ಈ ಎಂಜಿನ್ ಎಂದರೆ ಏನು?

ದೊಡ್ಡ ಬೋಟುಗಳ ಎಂಜಿನ್ ಬೋಟಿನ ಹೊಟ್ಟೆಯೊಳಗೆ ಇರುತ್ತದೆ. ನಾಡದೋಣಿಯ ಎಂಜಿನ್ ಹಾಗಲ್ಲ. ಅದು ದೋಣಿಯ ಹೊರಗೆ ನೇತಾಡುತ್ತದೆ. ಅದಕ್ಕೇ ಅದನ್ನು ಔಟ್‌ಬೋರ್ಡ್ ಎಂಜಿನ್ ಎನ್ನುತ್ತಾರೆ. ಅಂದರೆ ಹೊರಗಿನ ಎಂಜಿನ್.

ಇದಕ್ಕೆ ಮೂರು ಭಾಗ ಅಂತ ತಿಳಿಯಿರಿ. ಮೇಲೆ ತಲೆ. ಎಣ್ಣೆ ಉರಿಯುವುದು ಅಲ್ಲಿ. ನಡುವೆ ಉದ್ದದ ಕಾಲು. ಕೆಳಗೆ ನೀರಿನಲ್ಲಿ ತಿರುಗುವ ಫ್ಯಾನ್. ಫ್ಯಾನ್ ನೀರನ್ನು ಹಿಂದಕ್ಕೆ ನೂಕುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ.

ಇಂಥ ಎಂಜಿನ್ ಮಾಡಿ ಮಾರಿ ಹೆಸರು ಮಾಡಿದವನು ಓಲೆ ಎವಿನ್‌ರೂಡ್. ನಾರ್ವೆ ದೇಶದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವನು. ಅವನು ಎಂಜಿನ್ ಮಾರಲು ಶುರು ಮಾಡಿದ್ದು 1909ರಲ್ಲಿ. ಅದರ ಹಿಂದೆ ಒಂದು ಕಥೆ ಹೇಳುತ್ತಾರೆ. ಒಂದು ಬೇಸಿಗೆಯ ದಿನ ಅವನೂ ಅವನು ಮದುವೆಯಾಗಲಿದ್ದ ಬೆಸ್ ಎಂಬ ಹುಡುಗಿಯೂ ಕೆರೆ ಬದಿಗೆ ಹೋಗಿದ್ದರು. ಬೆಸ್‌ಗೆ ಐಸ್‌ಕ್ರೀಮ್ ತಿನ್ನುವ ಆಸೆಯಾಯಿತು. ಅವನು ದೋಣಿಗೆ ಹುಟ್ಟು ಹಾಕಿಕೊಂಡು ಹೋಗಿ ತಂದ. ವಾಪಸು ಬರುವಾಗ ಐಸ್‌ಕ್ರೀಮ್ ಕರಗಿ ನೀರಾಗಿತ್ತು. ದೋಣಿಗೊಂದು ಎಂಜಿನ್ ಇದ್ದರೆ ಎಂದು ಅವನಿಗೆ ಆಗ ಅನ್ನಿಸಿತಂತೆ.

ಮುಂದೆ ಇಬ್ಬರೂ ಮದುವೆಯಾದರು. ಎಂಜಿನ್ ಮಾಡಿದ್ದು ಗಂಡ. ಕಾಗದ ಪತ್ರ, ಲೆಕ್ಕ, ಜಾಹೀರಾತು ಎಲ್ಲ ನೋಡಿಕೊಂಡದ್ದು ಹೆಂಡತಿ. ಈ ವ್ಯಾಪಾರ ಬೆಳೆದದ್ದರಲ್ಲಿ ಬೆಸ್‌ಳ ಓದು ಬರಹದ ಪಾಲೂ ದೊಡ್ಡದು.

ನಮ್ಮ ಕರಾವಳಿಯಲ್ಲಿ ಮೊದಲು ಹುಟ್ಟು ಮತ್ತು ಹಾಯಿಯೇ ಗತಿ. ಊರಿಗೆ ಊರೇ ಸೇರಿ ರಂಪಣಿ ಬಲೆ ಎಳೆಯುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ರಂಪಣಿ ಕಡಿಮೆಯಾಗುತ್ತಾ ಬಂತು. ಮೀನು ಹುಡುಕಿಕೊಂಡು ದೂರ ಹೋಗಬೇಕಾಯಿತು. ಆಮೇಲೆ ನಾಡದೋಣಿಗಳ ಬೆನ್ನಿಗೂ ಎಂಜಿನ್ ಬಂತು.

ಬೆನ್ನು ಹಲಗೆ

ದೋಣಿಯ ಹಿಂಬದಿಯಲ್ಲಿ ಅಡ್ಡಕ್ಕೆ ನಿಂತ ಒಂದು ಹಲಗೆ ಇರುತ್ತದೆ. ಇಂಗ್ಲಿಷ್ ಬಲ್ಲವರು ಅದಕ್ಕೆ ಟ್ರಾನ್ಸಮ್ ಎನ್ನುತ್ತಾರೆ. ನಾವು ಬೆನ್ನು ಹಲಗೆ ಎನ್ನೋಣ.

ಎಂಜಿನ್‌ಗೆ ಎರಡು ತಿರುಪು ಇರುತ್ತವೆ. ಆ ತಿರುಪುಗಳು ಬೆನ್ನು ಹಲಗೆಯನ್ನು ಕಚ್ಚಿ ಹಿಡಿಯುತ್ತವೆ. 8ರಿಂದ 10 ಅಶ್ವಶಕ್ತಿಯ ಎಂಜಿನ್ ಸುಮಾರು 35ರಿಂದ 45 ಕಿಲೊ ತೂಗುತ್ತದೆ. ಒಂದು ಅಕ್ಕಿ ಮೂಟೆ ಸದಾ ಅಲ್ಲಿ ನೇತಾಡಿದ ಹಾಗೆ. ಬರೀ ಭಾರ ಅಲ್ಲ. ಎಂಜಿನ್ ನೂಕುವ ಬಲ ಪೂರ್ತಿ ಆ ಹಲಗೆಯ ಮೂಲಕವೇ ದೋಣಿಗೆ ಬರುತ್ತದೆ. ಬೆನ್ನು ಹಲಗೆ ಸೋತರೆ ಎಂಜಿನ್ ಎಷ್ಟು ಒಳ್ಳೆಯದಾದರೂ ಉಪಯೋಗ ಇಲ್ಲ.

ಮೊದಲು ಕಾಲಿನ ಅಳತೆ

ಎಂಜಿನ್‌ನ ಕಾಲು ಎಲ್ಲ ಒಂದೇ ಉದ್ದ ಇರುವುದಿಲ್ಲ. ಹೆಚ್ಚಾಗಿ ಮೂರು ಅಳತೆಯಲ್ಲಿ ಸಿಗುತ್ತದೆ.

ಗಿಡ್ಡ ಕಾಲು: ಸುಮಾರು 15 ಇಂಚು.
ಉದ್ದ ಕಾಲು: ಸುಮಾರು 20 ಇಂಚು.
ಇನ್ನೂ ಉದ್ದ ಕಾಲು: ಸುಮಾರು 25 ಇಂಚು.

ಫ್ಯಾನ್‌ನ ಸ್ವಲ್ಪ ಮೇಲೆ ಅಡ್ಡಕ್ಕೆ ಒಂದು ಚಪ್ಪಟೆ ರೆಕ್ಕೆ ಇರುತ್ತದೆ. ಮೇಲಿನ ಗಾಳಿ ಫ್ಯಾನ್‌ಗೆ ಹೋಗದಂತೆ ತಡೆಯುವುದು ಅದರ ಕೆಲಸ. ಎಂಜಿನ್ ಕೂರಿಸಿದಾಗ ಆ ರೆಕ್ಕೆ ದೋಣಿಯ ತಳಕ್ಕೆ ಸರಿಸಮ ಬರಬೇಕು. ಇಲ್ಲವೇ ಒಂದು ಇಂಚು ಕೆಳಗೆ ಇರಬೇಕು.

ರೆಕ್ಕೆ ಮೇಲೆ ಬಂದರೆ ಏನಾಗುತ್ತದೆ? ಮಜ್ಜಿಗೆ ಕಡೆಯುವಾಗ ಕಡೆಗೋಲು ಮೇಲೆ ಬಂದರೆ ಏನಾಗುತ್ತದೆ ಹೇಳಿ? ಗಾಳಿ ಕಡೆದ ಹಾಗೆ ಬರೀ ಸದ್ದು. ಫ್ಯಾನ್ ಕೂಡ ಹಾಗೆಯೇ. ಎಂಜಿನ್ ಕಿರುಚುತ್ತದೆ, ದೋಣಿ ಹೋಗುವುದಿಲ್ಲ. ಇನ್ನೊಂದು ಅಪಾಯವೂ ಉಂಟು. ಎಂಜಿನ್ ತಣ್ಣಗಾಗಲು ಕೆಳಗಿನಿಂದ ನೀರು ಎಳೆದುಕೊಳ್ಳುತ್ತದೆ. ಕಾಲು ಮೇಲೆ ಬಂದರೆ ನೀರು ಸಿಗುವುದಿಲ್ಲ. ಎಂಜಿನ್ ಕಾದು ಕೆಡುತ್ತದೆ.

ರೆಕ್ಕೆ ತೀರಾ ಕೆಳಗೆ ಹೋದರೆ? ಉದ್ದದ ಕಾಲು ನೀರಿನಲ್ಲಿ ಎಳೆದುಕೊಂಡು ಹೋಗಬೇಕು. ಎಣ್ಣೆ ಹೆಚ್ಚು ಬೇಕು. ದಡಕ್ಕೆ ಬರುವಾಗ ಫ್ಯಾನ್ ಮರಳಿಗೆ ತಾಗುತ್ತದೆ. ಎಂಜಿನ್ ತಲೆಯೂ ನೀರಿಗೆ ಹತ್ತಿರವಾಗುತ್ತದೆ.

ಹಾಗಾಗಿ ಬೆನ್ನು ಹಲಗೆಯ ಎತ್ತರ ಮತ್ತು ಎಂಜಿನ್ ಕಾಲಿನ ಉದ್ದ ಎರಡೂ ಹೊಂದಬೇಕು. ಟೇಪಿನ ಒಂದು ತುದಿಯನ್ನು ಎಂಜಿನ್ ಕೂರುವ ಅಂಚಿನ ನಡುವೆ ಹಿಡಿಯಿರಿ. ನೇರ ಕೆಳಗೆ ದೋಣಿಯ ತಳದವರೆಗೆ ಬಿಡಿ. ಎಷ್ಟು ಬಂತು ಓದಿ. ಅಷ್ಟೇ ಲೆಕ್ಕ.

ಎಂಜಿನ್ ಕೂರಿಸುವ ನಾಲ್ಕು ದಾರಿ

ಒಂದು: ಹಲಗೆ ಕತ್ತರಿಸಿ ಕೂರಿಸುವುದು

ಬೆನ್ನು ಹಲಗೆಯ ನಡುವೆ ಒಂದು ಕಚ್ಚು ತೆಗೆದು ಎಂಜಿನ್ ಕೂರಿಸುತ್ತಾರೆ. ಇದು ಸುಲಭ, ಖರ್ಚೂ ಕಡಿಮೆ. ಹಿಂದೆ ಕೂತವನ ಕೈಗೆ ಹಿಡಿ ಸರಿಯಾಗಿ ಸಿಗುತ್ತದೆ. ರಿಪೇರಿಗೆ ಬಿಚ್ಚುವುದೂ ಸುಲಭ. ಹೊಳೆಯಲ್ಲಿ, ಹಿನ್ನೀರಿನಲ್ಲಿ ಓಡುವ ಸಣ್ಣ ದೋಣಿಗೆ ಇದು ಸಾಕು.

ಕಡಲಿಗೆ ಹೋಗುವ ದೋಣಿಗೆ ಇದರಲ್ಲಿ ಒಂದು ದೊಡ್ಡ ದೋಷ ಇದೆ. ಮನೆಯ ಹೊಸ್ತಿಲು ನೆನಪಿಸಿಕೊಳ್ಳಿ. ಹೊಸ್ತಿಲು ತಗ್ಗಿದ್ದರೆ ಮಳೆ ನೀರು ಒಳಗೆ ಬರುತ್ತದೆ ಅಲ್ವಾ? ಕತ್ತರಿಸಿದ ಹಲಗೆ ಎಂದರೆ ತಗ್ಗಿದ ಹೊಸ್ತಿಲು. ದೋಣಿಯ ಸುತ್ತ ಎಲ್ಲ ಕಡೆ ಎತ್ತರ, ಹಿಂದೆ ಮಾತ್ರ ತಗ್ಗು.

ಹಿಂದೆಯೇ ಭಾರ ಹೆಚ್ಚು ಇರುವುದು ಕೂಡ. ಲೆಕ್ಕ ಹಾಕಿ. ಎಂಜಿನ್ 40 ಕಿಲೊ. ಅದನ್ನು ಹಿಡಿದು ಕೂತವನು 60 ಕಿಲೊ. ಎಣ್ಣೆ ಕ್ಯಾನು 20 ಕಿಲೊ. ಒಟ್ಟು 120 ಕಿಲೊ. ದೋಣಿ ಹಿಂದಕ್ಕೆ ತಗ್ಗುತ್ತದೆ. ಎಲ್ಲಿ ಹಲಗೆ ಗಿಡ್ಡವೋ ಅಲ್ಲೇ ದೋಣಿಯೂ ತಗ್ಗು.

ಕಡಲಿಗೆ ಹೋಗುವಾಗ ತೆರೆ ಎದುರಿನಿಂದ ಬರುತ್ತದೆ. ಮೂತಿ ಎತ್ತರ ಇರುವುದರಿಂದ ತೆರೆ ಒಡೆಯುತ್ತದೆ. ವಾಪಸು ಬರುವಾಗ ತೆರೆ ಬೆನ್ನಟ್ಟಿಕೊಂಡು ಬರುತ್ತದೆ. ಅಳಿವೆ ಬಾಗಿಲಿನಲ್ಲಿ ನೀರು ಆಳ ಇಲ್ಲ, ತೆರೆ ಎದ್ದು ಒಡೆಯುವುದು ಅಲ್ಲೇ. ಮೀನು ತುಂಬಿದ ದೋಣಿ, ತಗ್ಗಿದ ಹಿಂಬದಿ, ಹಿಂದಿನಿಂದ ತೆರೆ. ಮೂರೂ ಒಂದೇ ಕಡೆ ಸೇರುತ್ತವೆ.

ಇನ್ನೊಂದು ಮಾತು. ಜೋರಾಗಿ ಹೋಗುವ ದೋಣಿ ತನ್ನ ಹಿಂದೆ ತಾನೇ ಒಂದು ತೆರೆ ಎಬ್ಬಿಸುತ್ತದೆ. ಎಂಜಿನ್ ಒಮ್ಮೆಲೇ ನಿಧಾನ ಮಾಡಿದರೆ ಆ ತೆರೆ ಬಂದು ಬೆನ್ನು ಹಲಗೆಗೆ ಬಡಿಯುತ್ತದೆ. ಹಲಗೆ ತಗ್ಗಿದ್ದರೆ ದಾಟಿ ಒಳಗೆ ಬರುತ್ತದೆ. ನಿಧಾನ ಮಾಡುವುದಾದರೆ ಸ್ವಲ್ಪ ಸ್ವಲ್ಪವಾಗಿ ಮಾಡಬೇಕು.

ಎರಡು: ಹಲಗೆಯ ಮುಂದೆ ಗೂಡು ಕಟ್ಟುವುದು

ಇಲ್ಲಿಯೂ ಎಂಜಿನ್ ಬೆನ್ನು ಹಲಗೆಯ ಮೇಲೆಯೇ ಕೂರುತ್ತದೆ. ಅದರ ಮುಂದೆ, ದೋಣಿಯ ಒಳಗೆ, ಇನ್ನೊಂದು ಅಡ್ಡ ಗೋಡೆ ಕಟ್ಟುತ್ತಾರೆ. ನಡುವೆ ಒಂದು ಗೂಡು ಆಗುತ್ತದೆ. ಗೂಡಿನ ನೆಲದ ಮಟ್ಟದಲ್ಲಿ ಹಿಂದಕ್ಕೆ ಎರಡು ತೂತು.

ನಮ್ಮ ಬಚ್ಚಲಿನ ಹಾಗೆ ಅಂದುಕೊಳ್ಳಿ. ನೀರು ಬಿದ್ದರೂ ಬಚ್ಚಲಿನ ಕಟ್ಟೆ ದಾಟಿ ಅಡುಗೆ ಮನೆಗೆ ಬರುವುದಿಲ್ಲ. ತೂತಿನಿಂದ ಹೊರಗೆ ಹೋಗುತ್ತದೆ. ತೆರೆ ಬೆನ್ನು ಹಲಗೆ ದಾಟಿದರೂ ಗೂಡಿಗೆ ಬೀಳುತ್ತದೆ, ತೂತಿನಿಂದ ಕಡಲಿಗೆ ವಾಪಸು ಹೋಗುತ್ತದೆ.

ಇದನ್ನು ಮಾಡಿಸುವಾಗ ನಾಲ್ಕು ವಿಷಯ ನೋಡಬೇಕು.

ಒಳಗೋಡೆ ದೋಣಿಯ ಬದಿಯಷ್ಟೇ ಎತ್ತರ ಇರಬೇಕು. ಗಿಡ್ಡ ಗೋಡೆ ಕಟ್ಟಿದರೆ ಗೂಡು ಕಟ್ಟಿದ್ದೇ ದಂಡ.

ದೋಣಿಗೆ ಎಲ್ಲ ಹೇರಿದ ಮೇಲೂ ತೂತುಗಳು ಹೊರಗಿನ ನೀರಿಗಿಂತ ಮೇಲೆ ಇರಬೇಕು. ಕೆಳಗಿದ್ದರೆ ನೀರು ಹೊರಗೆ ಹೋಗುವ ಬದಲು ಒಳಗೆ ಬರುತ್ತದೆ.

ಎಣ್ಣೆ ಪೈಪು ಹಾಯುವ ತೂತನ್ನು ಸುತ್ತ ಚೆನ್ನಾಗಿ ಮುಚ್ಚಬೇಕು.

ಗೂಡು ಸಾಕಷ್ಟು ಅಗಲ ಇರಬೇಕು. ದಡಕ್ಕೆ ಬರುವಾಗ ಎಂಜಿನ್ ಕಾಲು ಎತ್ತುತ್ತಾರೆ. ಕಾಲು ಮೇಲೆ ಬಂದರೆ ತಲೆ ಮುಂದಕ್ಕೆ ವಾಲುತ್ತದೆ. ತಲೆ ಗೋಡೆಗೆ ಬಡಿದರೆ ಕಾಲು ಏಳುವುದಿಲ್ಲ, ಫ್ಯಾನ್ ಮರಳಿಗೆ ಸಿಕ್ಕುತ್ತದೆ.

ಇದರಲ್ಲಿ ಕಷ್ಟ ಏನೆಂದರೆ ಜಾಗ ಹೋಗುತ್ತದೆ. ಎರಡು ಬುಟ್ಟಿ ಮೀನು ಇಡುವ ಜಾಗ ಗೂಡಿಗೆ ಬಿಡಬೇಕು. ಮರ, ಫೈಬರ್, ಕೂಲಿ ಅಂತ ಖರ್ಚೂ ಬೀಳುತ್ತದೆ.

ಮೂರು: ಹೊರಗೆ ಬ್ರಾಕೆಟ್ ಹಾಕುವುದು

ಇಲ್ಲಿ ಬೆನ್ನು ಹಲಗೆ ಕತ್ತರಿಸುವುದೇ ಇಲ್ಲ. ಪೂರ್ತಿ ಎತ್ತರ ಹಾಗೆಯೇ ಇರುತ್ತದೆ. ಹಲಗೆಯ ಹೊರಗೆ ಕಬ್ಬಿಣದ ಅಥವಾ ಅಲ್ಯುಮಿನಿಯಮ್‌ನ ಒಂದು ಚೌಕಟ್ಟು ಬಿಗಿದು, ಅದರ ಮೇಲೆ ಎಂಜಿನ್ ಕೂರಿಸುತ್ತಾರೆ.

ಇದರ ಗುಣ ದೊಡ್ಡದು. ಹಿಂಬದಿಯ ಗೋಡೆ ಎಲ್ಲ ಕಡೆ ಒಂದೇ ಎತ್ತರ. ದೋಣಿಯೊಳಗೆ ಜಾಗವೂ ಉಳಿಯುತ್ತದೆ.

ದೋಷವೂ ಇದೆ. ಮೀನು ಬುಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿಯುವುದು ಒಂದು. ಅದೇ ಬುಟ್ಟಿಯನ್ನು ಕೈ ಚಾಚಿ ಹಿಡಿಯುವುದು ಬೇರೆ. ಭಾರ ಅಷ್ಟೇ, ಆದರೆ ಕೈ ಸೋಲುತ್ತದೆ. ಎಂಜಿನ್ ಹಿಂದಕ್ಕೆ ಹೋದಷ್ಟೂ ಹಲಗೆಯ ಮೇಲೆ, ಬೋಲ್ಟುಗಳ ಮೇಲೆ ಎಳೆತ ಹೆಚ್ಚು. ಹಲಗೆ ಗಟ್ಟಿ ಇಲ್ಲದಿದ್ದರೆ ಬಿರುಕು ಬಿಡುತ್ತದೆ. ದೋಣಿಯ ಹಿಂಬದಿ ಇನ್ನೂ ತಗ್ಗುತ್ತದೆ, ಮೂತಿ ಏಳುತ್ತದೆ. ಎಣ್ಣೆ ಕ್ಯಾನು, ಐಸು, ಬಲೆ ಇವನ್ನು ಮುಂದಕ್ಕೆ ಸರಿಸಿ ಭಾರ ಸರಿ ಮಾಡಬೇಕು. ತೆರೆಯಲ್ಲಿ ಎಂಜಿನ್ ಕೈಗೆ ಸಿಗುವುದು ಕಷ್ಟ. ಹಿಂದಿನಿಂದ ಬಲೆ ಬಿಡುವವರಿಗೆ ಬಲೆ ಸಿಕ್ಕಿಕೊಳ್ಳುವ ಭಯವೂ ಉಂಟು.

ಅಳತೆಯಲ್ಲೂ ಒಂದು ಸೂಕ್ಷ್ಮ ಇದೆ. ಜೋರಾಗಿ ಓಡುವ ದೋಣಿಯ ಹಿಂದೆ ನೀರು ಸ್ವಲ್ಪ ಮೇಲೆ ಏಳುತ್ತದೆ. ಹಾಗಾಗಿ ಎಂಜಿನ್ ಒಂದು ಅಡಿ ಹಿಂದಕ್ಕೆ ಹೋದರೆ ಸುಮಾರು ಒಂದು ಇಂಚು ಮೇಲೆ ಕೂರಿಸುತ್ತಾರೆ. ಕೊನೆಗೆ ನೀರಿಗೆ ಇಳಿಸಿ ಓಡಿಸಿ ನೋಡಿಯೇ ಸರಿ ಮಾಡಬೇಕು.

ನಾಲ್ಕು: ಪಕ್ಕಕ್ಕೆ ಕಟ್ಟುವುದು

ಕೆಲವು ದೋಣಿಗಳಿಗೆ ಬೆನ್ನು ಹಲಗೆಯೇ ಇಲ್ಲ. ಮುಂದೆಯೂ ಚೂಪು, ಹಿಂದೆಯೂ ಚೂಪು. ಕೇರಳದ ಹಳೆಯ ಕಾಲದ ಹಲವು ವಳ್ಳಗಳು ಹೀಗೆ ಇರುತ್ತವೆ. ಹುಟ್ಟಿಗೆ, ಹಾಯಿಗೆ ಅಂತ ಕಟ್ಟಿದ ದೋಣಿಗಳು ಇವು. ಹಿಂದಿನ ತೆರೆಯನ್ನೂ ಸೀಳುತ್ತವೆ. ಎಂಜಿನ್ ಕೂರಿಸಲು ಮಾತ್ರ ಜಾಗ ಇಲ್ಲ.

ಅಂಥ ದೋಣಿಯ ಬದಿಗೆ, ಹಿಂದಿನ ತುದಿಯ ಹತ್ತಿರ, ಅಡ್ಡ ಮರ ಬಿಗಿದು ಅದರ ಮೇಲೆ ಎಂಜಿನ್ ಕೂರಿಸುತ್ತಾರೆ. ಹಳೆಯ ದೋಣಿ ಕೆಡುವುದಿಲ್ಲ, ಹಲಗೆ ಕತ್ತರಿಸುವ ಕೆಲಸ ಇಲ್ಲ. ಬೇಡ ಎಂದಾಗ ಬಿಚ್ಚಿ ಇಡಬಹುದು.

ಆದರೆ ಒಂದೇ ಸೊಂಟದಲ್ಲಿ ಕೊಡ ಹೊತ್ತವಳ ನಡಿಗೆ ನೋಡಿದ್ದೀರಲ್ಲ? ಮೈ ಒಂದು ಕಡೆ ವಾಲುತ್ತದೆ. ದೋಣಿಯೂ ಹಾಗೆಯೇ. ಭಾರ ಒಂದು ಬದಿಗೆ, ನೂಕುವ ಬಲವೂ ಒಂದು ಬದಿಗೆ. ದೋಣಿ ಪಕ್ಕಕ್ಕೆ ತಿರುಗಲು ನೋಡುತ್ತದೆ. ಹಿಡಿ ಹಿಡಿದವನು ಸದಾ ಸರಿ ಮಾಡುತ್ತಿರಬೇಕು. ದೋಣಿ ಆಚೆ ಬದಿಗೆ ವಾಲಿದಾಗ ಈಚೆಯ ಫ್ಯಾನ್ ನೀರಿನಿಂದ ಮೇಲೆ ಬರುತ್ತದೆ. ಅದಕ್ಕೇ ಇಲ್ಲಿ ಉದ್ದ ಕಾಲಿನ ಎಂಜಿನ್ ಬೇಕು.

ಮಳೆಗಾಲದ ಮಾತು

ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಇದರಿಂದ ವಿನಾಯಿತಿ ಇದೆ.

ಅಂದರೆ ಕಡಲು ಅತಿ ಒರಟಾಗಿ ಇರುವ ಹೊತ್ತಿನಲ್ಲಿ ಹೊರಗೆ ಹೋಗುವುದು ಅತಿ ಸಣ್ಣ ದೋಣಿಗಳು. ಆಗ ಸಿಗಡಿಗೆ, ಬಂಗುಡೆಗೆ ಒಳ್ಳೆಯ ಬೆಲೆಯೂ ಇರುತ್ತದೆ. ಹೋಗಬೇಡಿ ಅಂತ ಹೇಳುವುದು ಸುಲಭ, ಒಲೆ ಉರಿಯಬೇಕಲ್ಲ. ಹವಾಮಾನದ ಎಚ್ಚರಿಕೆ ಬಂದ ದಿನ ಮಾತ್ರ ಖಂಡಿತ ಹೋಗಬಾರದು. ಉಳಿದ ದಿನ ಹೋಗುವ ದೋಣಿಯ ಬೆನ್ನು ಭದ್ರ ಇರಬೇಕು.

ಹೊಸ ಎಂಜಿನ್, ಹಳೆಯ ತಪ್ಪು

ಈಗ ಆ ಅಕ್ಕನ ವಿಷಯಕ್ಕೆ ಬರೋಣ. ಅವರ ಮನೆಗೆ ಕಡಿಮೆ ಬೆಲೆಗೆ ಒಂದು ಹಳೆಯ ಎಂಜಿನ್ ಸಿಗುವುದಿತ್ತು. ಮಾತುಕತೆಯೂ ಆಗಿತ್ತು. ಒಂದು ಭಾನುವಾರ ನಾವು ಆರು ಹೆಂಗಸರು ಟೇಪು ಹಿಡಿದು ಹೊರಟೆವು. ಅವರ ಈಗಿನ ಫೈಬರ್ ದೋಣಿ ಮರಳಿನ ಮೇಲೆ ಇತ್ತು. ಆ ಅಕ್ಕನೇ ಅಳೆದಳು. ಬೆನ್ನು ಹಲಗೆ 20 ಇಂಚು. ಆಮೇಲೆ ಎಂಜಿನ್ ಇದ್ದಲ್ಲಿಗೆ ಹೋದೆವು. ಅದರ ಕಾಲು 15 ಇಂಚು.

“ಐದು ಇಂಚು ಕತ್ತರಿಸಿದರೆ ಆಯ್ತು, ಅದೆಂತ ದೊಡ್ಡ ವಿಷಯ” ಅಂದರು ಮಾರುವವರು.

ಆ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: “ಹಳೆ ದೋಣಿಗೂ ಹೀಗೇ ಕತ್ತರಿಸಿದ್ದು.”

ನನಗೂ ಆಗಲೇ ತಿಳಿದದ್ದು. ತೆರೆ ಒಳಗೆ ಬಂದದ್ದು ಬರೀ ತೆರೆಯ ತಪ್ಪಲ್ಲ. ಗಿಡ್ಡ ಕಾಲಿನ ಎಂಜಿನ್ ಅಗ್ಗಕ್ಕೆ ಸಿಕ್ಕಿತು. ಅದಕ್ಕೆ ಹೊಂದಲಿ ಅಂತ ದೋಣಿಯ ಬೆನ್ನು ಕತ್ತರಿಸಿದರು. ಎಂಜಿನ್‌ಗೆ ದೋಣಿಯನ್ನು ಹೊಂದಿಸಿದರು. ದೋಣಿಗೆ ಎಂಜಿನ್ ಹೊಂದಿಸಬೇಕಿತ್ತು. ಉಳಿಸಿದ ದುಡ್ಡಿನ ಬೆಲೆ ಆ ಐದು ಇಂಚು.

ಮನೆಯಲ್ಲಿ ಗಂಡ ಮೊದಲು ನಕ್ಕನಂತೆ. “ಹೆಂಗಸರಿಗೆ ಎಂಜಿನ್ ಸುದ್ದಿ ಎಂತಕ್ಕೆ?” ಅಂದನಂತೆ.

“ಸಾಲದ ಪತ್ರಕ್ಕೆ ಸಹಿ ನನ್ನದು” ಅಂದಳಂತೆ ಇವಳು.

ಹೋದ ಸಲ ಅವಳು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದಳು. ಈ ಸಲ ಸಹಿ ಹಾಕುವವಳು. ಅದೊಂದು ಬೇರೆ.

ಆಚಾರ್ರನ್ನೂ ಕರೆಸಿ ಮಾತಾಡಿದರು. ಬ್ರಾಕೆಟ್ ಹಾಕೋಣವೇ ಎಂದು ಕೇಳಿದರು. ಇವರು ಹಿಂದಿನಿಂದ ಬಲೆ ಬಿಡುವವರು, ಬ್ರಾಕೆಟ್ ಬೇಡ ಅಂದರು ಆಚಾರ್ರು. ಕೊನೆಗೆ 20 ಇಂಚಿನ ಕಾಲಿರುವ ಎಂಜಿನ್ ತೆಗೆದುಕೊಳ್ಳುವುದು, ಒಳಗೆ ಒಂದು ಗೂಡು ಕಟ್ಟುವುದು ಅಂತ ಆಯಿತು. ಬೆನ್ನು ಹಲಗೆಗೆ ಗರಗಸ ತಾಗಲಿಲ್ಲ.

ದುಡ್ಡು ಹೆಚ್ಚಾಯಿತು. ಸಾಲದ ಕಂತು ಎಂಟು ತಿಂಗಳು ಮುಂದಕ್ಕೆ ಹೋಯಿತು. ಬಳೆ ಬಿಡಿಸುವುದು ಇನ್ನೂ ತಡ. ಇದನ್ನು ಮುಚ್ಚಿಡುವುದು ಸರಿಯಲ್ಲ. ಎಲ್ಲರಿಗೂ ಅಷ್ಟು ಆಗುವುದಿಲ್ಲ. ಗಿಡ್ಡ ಕಾಲಿನ ಎಂಜಿನ್ ಈಗಾಗಲೇ ಮನೆಯಲ್ಲಿದ್ದರೆ? ಒಳಗೆ ಗೂಡನ್ನಾದರೂ ಕಟ್ಟಿಸಿ. ಭಾರವನ್ನು ಮುಂದಕ್ಕೆ ಸರಿಸಿ. ತೆರೆ ಜೋರು ಇರುವ ದಿನ ಹೋಗುವುದು ಬೇಡ. ಇಷ್ಟು ಎಲ್ಲರಿಂದಲೂ ಆಗುತ್ತದೆ.

ದಿನಾ ನೋಡಬೇಕಾದ್ದು

ಎಂಜಿನ್ ಎಲ್ಲೇ ಕೂರಲಿ, ಕೆಳಗಿನ ಕೆಲಸ ತಪ್ಪಬಾರದು. ಇದಕ್ಕೆ ಹೆಚ್ಚು ಖರ್ಚಿಲ್ಲ.

1. ತಿರುಪುಗಳು ಅದುರಿ ಅದುರಿ ಸಡಿಲವಾಗುತ್ತವೆ. ಹೊರಡುವ ಮೊದಲು ಕೈಯಿಂದ ಬಿಗಿ ಮಾಡಬೇಕು.

2. ಎಂಜಿನ್‌ಗೂ ದೋಣಿಗೂ ಒಂದು ಗಟ್ಟಿ ಸರಪಳಿ ಅಥವಾ ಹಗ್ಗ ಕಟ್ಟಬೇಕು. ತಿರುಪು ಕಳಚಿದರೂ ಎಂಜಿನ್ ತಳಕ್ಕೆ ಹೋಗುವುದಿಲ್ಲ. ಆ ಅಕ್ಕನ ಹಳೆಯ ಎಂಜಿನ್‌ಗೆ ಇದು ಇರಲಿಲ್ಲ.

3. ಬೆನ್ನು ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ಹಲಗೆ ಟಣ್ ಎನ್ನುತ್ತದೆ. ಒಳಗೆ ಕೊಳೆತದ್ದು ದಪ್ ಎನ್ನುತ್ತದೆ. ಫೈಬರ್ ದೋಣಿಯ ಬೆನ್ನು ಹಲಗೆಯ ಒಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಕೊಳೆಯುತ್ತದೆ. ಹೊರಗಿನಿಂದ ಕಾಣುವುದಿಲ್ಲ.

4. ಎಂಜಿನ್ ಕಾಲು ಹಿಡಿದು ಅಲ್ಲಾಡಿಸಿ. ಎಂಜಿನ್ ಜೊತೆ ಹಲಗೆಯೂ ಅಲ್ಲಾಡಿದರೆ ಆಚಾರ್ರನ್ನು ಕರೆಯಬೇಕು.

5. ಹೆಚ್ಚಿನ ಎಂಜಿನ್‌ಗಳ ಬದಿಯಿಂದ ಸಣ್ಣ ಧಾರೆಯಾಗಿ ನೀರು ಬೀಳುತ್ತದೆ. ಆ ಧಾರೆ ನಿಂತರೆ ಎಂಜಿನ್ ಕಾಯುತ್ತಿದೆ ಎಂದು ಅರ್ಥ. ಕೂಡಲೇ ನಿಲ್ಲಿಸಬೇಕು.

6. ಎಂಜಿನ್ ನಿಲ್ಲಿಸುವ ಒಂದು ದಾರ ಇರುತ್ತದೆ. ಹಿಡಿ ಹಿಡಿದವನು ಅದನ್ನು ಕೈಗೆ ಕಟ್ಟಿಕೊಳ್ಳಬೇಕು. ಅವನು ನೀರಿಗೆ ಬಿದ್ದರೆ ದಾರ ಕಳಚಿ ಎಂಜಿನ್ ನಿಲ್ಲುತ್ತದೆ. ಇಲ್ಲದಿದ್ದರೆ ತಿರುಗುವ ಫ್ಯಾನ್ ಅವನ ಮೇಲೆಯೇ ಬರಬಹುದು.

7. ತೇಲುವ ಜಾಕೆಟ್ ದೋಣಿಯಲ್ಲಿ ಮಡಚಿ ಇಟ್ಟರೆ ಸಾಲದು, ಮೈ ಮೇಲೆ ಇರಬೇಕು.

ನೆನಪಿಡೋಣ

ಹೊಳೆಯ ಸಣ್ಣ ದೋಣಿಗೆ ಕತ್ತರಿಸಿದ ಹಲಗೆ ನಡೆಯುತ್ತದೆ.
ಅಳಿವೆ ದಾಟಿ ಕಡಲಿಗೆ ಹೋಗುವ ದೋಣಿಗೆ ಎತ್ತರದ ಹಲಗೆ ಮತ್ತು ಗೂಡು ಒಳ್ಳೆಯದು.
ಬೆನ್ನು ಹಲಗೆ ತುಂಬ ಗಟ್ಟಿ ಇದ್ದು, ಹಿಂದಿನಿಂದ ಬಲೆ ಬಿಡದವರಿಗೆ ಬ್ರಾಕೆಟ್ ಆಗಬಹುದು.
ಎರಡೂ ತುದಿ ಚೂಪಾದ ದೋಣಿಗೆ ಪಕ್ಕವೇ ದಾರಿ, ಉದ್ದ ಕಾಲು ಬೇಕು.
ಎಂಜಿನ್ ಕೊಳ್ಳುವ ಮೊದಲು ದೋಣಿ ಅಳೆಯಿರಿ.

ಮಾತಾಡಿ, ಅಳೆಯಿರಿ, ಬರೆಯಿರಿ

1. ನಿಮ್ಮ ಮನೆಯ ದೋಣಿಯ ಬೆನ್ನು ಹಲಗೆ ಎಷ್ಟು ಇಂಚು? ಅಳೆದು ಇಲ್ಲಿ ಬರೆಯಿರಿ: ______

2. ನಿಮ್ಮ ಎಂಜಿನ್ ಕಾಲು ಎಷ್ಟು ಇಂಚು? ______ ಎರಡಕ್ಕೂ ಎಷ್ಟು ವ್ಯತ್ಯಾಸ? ______

3. ಬ್ರಾಕೆಟ್ ಹಾಕಿ ಎಂಜಿನ್ ಎರಡು ಅಡಿ ಹಿಂದಕ್ಕೆ ಹೋದರೆ ಸುಮಾರು ಎಷ್ಟು ಇಂಚು ಮೇಲೆ ಕೂರಿಸಬೇಕು?

4. ನಿಮ್ಮ ಮನೆಯಲ್ಲಿ ಎಂಜಿನ್ ಕೊಳ್ಳುವಾಗ ನಿಮ್ಮನ್ನು ಕೇಳಿದರೇ? ಸಾಲ ಯಾರ ಹೆಸರಲ್ಲಿತ್ತು? ಗುಂಪಿನಲ್ಲಿ ಮಾತಾಡಿ.

5. ಈ ಪದಗಳನ್ನು ಎರಡು ಸಲ ಬರೆಯಿರಿ: ಬೆನ್ನು ಹಲಗೆ, ಅಳಿವೆ, ಸರಪಳಿ, ಇಂಚು, ಸಹಿ.